ಇಡ್ಲಿ ಹಿಟ್ಟಿನ ಪಕ್ಕದ ಪತಂಗ

ನಾನು ಚಿಕ್ಕವನಿದ್ದಾಗ ವಿಲಾಯಿತಿಯ ಫೆಲ್ಥಮ್ ಊರಿನ ನಮ್ಮ ಮನೆಯಲ್ಲಿ ಸದಾ ಬೆಚ್ಚಗಿರುತ್ತಿದ್ದ ಜಾಗ ಒಂದೇ ಒಂದು: ಅಡುಗೆಮನೆ ಮೂಲೆಯಲ್ಲಿ ಬಿಸಿನೀರಿನ ಟ್ಯಾಂಕ್ ಇದ್ದ ಕಪಾಟು. ಅಕ್ಕಪಕ್ಕದವರು ಅದರಲ್ಲಿ ಟವೆಲ್ ಒಣಗಿಸುತ್ತಿದ್ದರು. ಅಮ್ಮ ಇಡ್ಲಿ ಹಿಟ್ಟು ಇಡುತ್ತಿದ್ದಳು. ಚಳಿಗಾಲದಲ್ಲಿ ಹಿಟ್ಟು ಉಬ್ಬಬೇಕಾದರೆ ಬೇರೆ ದಾರಿಯೇ ಇರಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಅಪ್ಪ ವಿಮಾನ ನಿಲ್ದಾಣದ ಸರಕು ಇಳಿಸುವ ಕೆಲಸ ಮುಗಿಸಿ ಬಂದು, ಊಟದ ಡಬ್ಬಿಯನ್ನು ನನ್ನ ಕೈಗಿಟ್ಟರು. "ಮೆಲ್ಲಗೆ ತೆಗಿ. ಹೂವಿನ ಪೆಟ್ಟಿಗೇಲಿ ಸಿಕ್ತು, ದಕ್ಷಿಣ ಅಮೆರಿಕದ್ದು" ಎಂದರು. ಒಳಗೆ ನನ್ನ ಅಂಗೈಯಗಲದ ಕಪ್ಪು ರೆಕ್ಕೆಗಳು. ಡಬ್ಬಿಯನ್ನು ತುಸು ವಾಲಿಸಿದರೆ ಹಸಿರು ಪಟ್ಟೆಗಳು ಫಳಕ್ಕನೆ ಹೊಳೆದವು, ಮತ್ತೆ ವಾಲಿಸಿದರೆ ಚಿನ್ನದ ಬಣ್ಣ. ನಾನು ಮತ್ತೆ ಮತ್ತೆ ವಾಲಿಸಿ ನೋಡಿದೆ.

ಹಾರಲು ಬಿಡೋಣವೆಂದು ಹಿತ್ತಲಿಗೆ ಒಯ್ದೆ. ಎಂಥ ಪೆದ್ದ ನಾನು. ಹುಲ್ಲಿನ ಮೇಲೆ ಮಂಜು ಗಟ್ಟಿಯಾಗಿ ಕೂತಿತ್ತು. ಒಂದೇ ಸಲ ರೆಕ್ಕೆ ಬಡಿದು ಅದು ಕೆಳಗೆ ಬಿತ್ತು, ಕಾಲು ಮಡಚಿಕೊಂಡು ಸುಮ್ಮನಾಯಿತು.

"ಸತ್ತೋಯ್ತು ಕಣೋ. ನೀನೇ ಸಾಯಿಸ್ದೆ" ಎಂದಳು ಅಕ್ಕ. ನಾನು ಗೊಳೋ ಎಂದು ಅತ್ತೆ.

ಅಮ್ಮ ಕಪಾಟಿನ ಬಾಗಿಲು ತೆರೆದಳು. "ಹಿಟ್ಟಿಗೆ ಆಗೋ ಶಾಖ ಇದಕ್ಕಾಗಲ್ವಾ? ಪಕ್ಕದಲ್ಲಿಡು."

ನಾನು ಅದನ್ನಿಟ್ಟು ಕಪಾಟಿನ ಮುಂದೆಯೇ ಕೂತೆ. ಹಿಟ್ಟಿನ ಹುಳಿ ವಾಸನೆ, ಟ್ಯಾಂಕಿನ ಗುಳುಗುಳು ಸದ್ದು. ಅಕ್ಕ ತನ್ನ ಕೀಟಗಳ ಪುಸ್ತಕ ತೆರೆದು, ಇದು ಚಿಟ್ಟೆಯಲ್ಲ, ಯುರೇನಿಯಾ ಎಂಬ ಪತಂಗ, ಹಗಲಲ್ಲೇ ಹಾರುತ್ತದೆ ಎಂದು ಓದಿ ಹೇಳಿದಳು. ನನಗೆ ಅದು ಯಾವಾಗಲಾದರೂ ಹಾರಿದರೆ ಸಾಕಿತ್ತು.

ಮಧ್ಯಾಹ್ನದ ಹೊತ್ತಿಗೆ ಹಿಟ್ಟು ಉಬ್ಬಿ ಮುಚ್ಚಳವನ್ನು ಎತ್ತಿತ್ತು. ಅದರ ಪಕ್ಕದಲ್ಲಿ ಒಂದು ಕಾಲು ಅಲುಗಿತು. ಆಮೇಲೆ ಇನ್ನೊಂದು. ರೆಕ್ಕೆಗಳು ಗಡಗಡ ನಡುಗಿದವು. ಅದು ಎದ್ದು ಕಿಟಕಿಯ ಬಿಸಿಲಿನತ್ತ ಹಾರಿ, ಅಮ್ಮನ ತೋಳಿನ ಮೇಲೆ ಹಸಿರಾಗಿ ಕೂತಿತು. ಸೌಟು ಹಿಡಿದಿದ್ದ ಅಮ್ಮ ಹಾಗೇ ನಿಂತುಬಿಟ್ಟಳು. ನಿದ್ದೆಯಿಂದೆದ್ದು ಬಂದ ಅಪ್ಪ ಬಾಗಿಲಲ್ಲೇ ಕೈಮುಗಿದರು.

ಅದು ಐದು ದಿನ ನಮ್ಮ ಜೊತೆಗಿತ್ತು. ಬೇಕೆಂದಾಗ ಒಳಗೆ ಹೋಗಿ ಬರಲೆಂದು ಅಮ್ಮ ಕಪಾಟಿನ ಬಾಗಿಲು ಮುಚ್ಚಲೇ ಇಲ್ಲ. ಶಾಖವೆಲ್ಲ ಆಚೆ ಹೋಗಿ ಹಿಟ್ಟು ಉಬ್ಬಲಿಲ್ಲ. ಐದು ದಿನವೂ ಬ್ರೆಡ್ ತಿಂದೆವು, ಅಕ್ಕ ಕೂಡ ಗೊಣಗಲಿಲ್ಲ.

ಮೊಮ್ಮಕ್ಕಳೇ, ಈಗ ನಿಮ್ಮ ಎಜ್‌ವೇರ್ ಫ್ಲಾಟ್‌ನಲ್ಲಿ ಎಲ್ಲ ಕೋಣೆಯೂ ಒಂದೇ ಸಮ ಬೆಚ್ಚಗಿದೆ. ಹಿಟ್ಟು ಅಂಗಡಿಯಿಂದ ಉಬ್ಬಿಕೊಂಡೇ ಬರುತ್ತದೆ. ನಿನ್ನೆ ಆ ಪತಂಗವನ್ನು ಫೋನಿನಲ್ಲಿ ಹುಡುಕಿ, ಬೆರಳಲ್ಲಿ ಹಿಗ್ಗಿಸಿ ತೋರಿಸಿದಿರಿ. ಅಷ್ಟು ದೊಡ್ಡದಾಗಿ ನಾನೂ ನೋಡಿರಲಿಲ್ಲ, ನಿಜ. ನಮ್ಮ ಮನೆಯಲ್ಲಿ ಬೆಚ್ಚನೆಯ ಜಾಗ ಇದ್ದದ್ದು ಒಂದೇ. ಅಮ್ಮ ಅದನ್ನೇ ಆ ಪತಂಗಕ್ಕೆ ಕೊಟ್ಟುಬಿಟ್ಟಿದ್ದಳು.