ಹೇಳಿಕೊಡುವ ಚಟ

ನನಗೊಂದು ಚಟವಿದೆ. ನಶ್ಯ, ಇಸ್ಪೀಟು, ಎಲೆಯಡಿಕೆಗಳ ಸಾಲಿನಲ್ಲಿ ಅದನ್ನು ಯಾರೂ ಸೇರಿಸಿಲ್ಲವಾದ್ದರಿಂದ ಇಷ್ಟು ವರ್ಷ ಮರ್ಯಾದಸ್ಥನೆನಿಸಿಕೊಂಡೇ ಬದುಕಿದ್ದೇನೆ. ಎದುರಿಗಿರುವವರು ಒಂದು ಮಾತಿಗಾಗಿ ತಡಕಾಡುತ್ತಿದ್ದರೆ ನನ್ನಿಂದ ನೋಡಿಕೊಂಡಿರಲು ಆಗುವುದಿಲ್ಲ. ಆ ಮಾತನ್ನು ನಾನೇ ಎತ್ತಿ ಅವರ ಬಾಯಿಗಿಟ್ಟುಬಿಡುತ್ತೇನೆ. ಮೊನ್ನೆ ನರಸೀಪುರದಲ್ಲಿ ತಲಕಾಡಿನ ಬಸ್ಸು ಹತ್ತಿದ್ದೆ. ಪಕ್ಕದ ಸೀಟಿನ ಅಜ್ಜಿಯನ್ನು ಕಂಡಕ್ಟರು ‘ಎಲ್ಲಿಗಜ್ಜಿ?’ ಎಂದ. ಅಜ್ಜಿ ಆಧಾರ್ ಕಾರ್ಡಿಗಾಗಿ ಚೀಲ ತಡವುತ್ತ ಒಂದು ಗಳಿಗೆ ಸುಮ್ಮನಾದಳು. ಅಷ್ಟು ಸಾಕಾಯಿತು. ಬೆಟ್ಟದ ದೇವರಿಗೇ ಹೊರಟಿರಬೇಕೆಂದು ‘ಮುಡುಕುತೊರೆ’ ಎಂದುಬಿಟ್ಟೆ. ಅಜ್ಜಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ‘ನಾ ಓಗ್ತಿರದು ನನ್ ಮಗಳಟ್ಟಿಗೆ ಕಣಪ್ಪ. ನೀನ್ಯಾಕ್ ನನ್ನ ಬೆಟ್ಟ ಅತ್ತುಸ್ತಿದ್ದೀಯೆ?’ ಎಂದಳು. ಬಸ್ಸೆಲ್ಲ ನಕ್ಕಿತು, ನಾನೂ ನಕ್ಕೆ.

ಈ ಚಟ ನನಗೆ ಅಂಟಿದ್ದು ನಂಜನಗೂಡಿನ ಪ್ರಾಥಮಿಕ ಶಾಲೆಯಲ್ಲಿ, ರುಕ್ಮಿಣಿಯಮ್ಮ ಟೀಚರಿಂದ. ನಮ್ಮ ಕಾಲದಲ್ಲಿ ಇನ್ಸ್‌ಪೆಕ್ಟರು ಬರುತ್ತಾರೆಂದರೆ ಶಾಲೆಗೆ ಜ್ವರ ಬಂದಂತೆ. ನೆಲಕ್ಕೆ ಸಗಣಿ ಸಾರಿಸಿ, ಬೋರ್ಡಿಗೆ ಇದ್ದಿಲು ಬಳಿದು, ನಮ್ಮ ಮೂಗುಗಳನ್ನು ಸಾಮೂಹಿಕವಾಗಿ ಒರೆಸಿ ನಿಲ್ಲಿಸುತ್ತಿದ್ದರು. ಇನ್ಸ್‌ಪೆಕ್ಟರು ಎತ್ತರದ ಆಸಾಮಿ, ಬಹಳ ಶಿಸ್ತಿನವರೆಂದು ಹೆಸರು. ಅವರು ನಮ್ಮತ್ತ ಮುಖ ಮಾಡಿ ಪ್ರಶ್ನೆ ಕೇಳುತ್ತಿದ್ದರು. ಅವರ ಬೆನ್ನ ಹಿಂದೆ ಟೀಚರು ನಿಂತು, ಸದ್ದಿಲ್ಲದೆ, ಬರೀ ತುಟಿಯಲ್ಲಿ ಉತ್ತರ ಹೇಳುತ್ತಿದ್ದರು. ಇನ್ಸ್‌ಪೆಕ್ಟರಿಗೊಂದು ವಿಚಿತ್ರ ಅಭ್ಯಾಸ: ಪ್ರಶ್ನೆ ಕೇಳಿದ ಮೇಲೆ ಕಿಟಕಿಯತ್ತ ತಿರುಗಿ ಹೊಳೆ ನೋಡುತ್ತ ನಿಲ್ಲುವರು. ಹೊಳೆ ಎಂದರೆ ಅವರಿಗೆ ಪಂಚಪ್ರಾಣವೆಂದು ನಾವು ತಿಳಿದಿದ್ದೆವು. ಆ ಸಮಯದಲ್ಲಿ ಇಡೀ ತರಗತಿ ಟೀಚರ ತುಟಿಯನ್ನು ನುಂಗುವಂತೆ ನೋಡುತ್ತಿತ್ತು.

ಒಮ್ಮೆ ‘ನಮ್ಮೂರ ನದಿ ಯಾವುದು?’ ಎಂದರು. ಕಾಲು ತೊಳೆಯುವುದೇ ಅದರಲ್ಲಾದರೂ ಭಯಕ್ಕೆ ಅದರ ಹೆಸರು ಮರೆತುಹೋಗಿತ್ತು. ಟೀಚರ ತುಟಿ ತೆರೆದು, ಮುಚ್ಚಿ, ತೆರೆಯಿತು. ಅರ್ಧ ತರಗತಿ ‘ಕಪಿಲಾ’ ಎಂದಿತು, ಇನ್ನರ್ಧ ‘ಕಬಿನಿ’ ಎಂದಿತು. ನೀವೇ ಕನ್ನಡಿಯ ಮುಂದೆ ಹೇಳಿ ನೋಡಿ, ತುಟಿಗೆ ಎರಡೂ ಹೆಚ್ಚುಕಡಿಮೆ ಒಂದೇ. ಪುಣ್ಯಕ್ಕೆ ನದಿಯೂ ಒಂದೇ. ಇನ್ಸ್‌ಪೆಕ್ಟರು ಹೊಳೆಯ ಮೇಲಿನ ಕಣ್ಣು ತೆಗೆಯದೆ ‘ಎರಡೂ ಸರಿ’ ಎಂದರು.

ಯೋಚಿಸಿದರೆ ನಮ್ಮ ಬದುಕೇ ಹೇಳಿಕೊಡುವವರ ಮೇಲೆ ನಿಂತಿದೆ. ಮದುವೆಯಲ್ಲಿ ಪುರೋಹಿತರು ಹೇಳಿಕೊಡದಿದ್ದರೆ ಯಾವ ಗಂಡಿಗೆ ತಾನೇ ಕೈಹಿಡಿಯಲು ಬರುತ್ತಿತ್ತು? ರಜೆಯಲ್ಲಿ ಕಳಲೆಯ ಸೋದರಮಾವನ ಮನೆಗೆ ಹೋದಾಗ ಪೌರಾಣಿಕ ನಾಟಕ ನೋಡುತ್ತಿದ್ದೆ. ಕಿರೀಟ, ಗದೆ, ಭುಜಕೀರ್ತಿಗಳೊಂದಿಗೆ ಅಬ್ಬರಿಸುತ್ತ ಬಂದ ದುರ್ಯೋಧನ ಮಾತು ಮರೆತು ಹಾರ್ಮೋನಿಯಂ ಕಡೆ ಕಳ್ಳಗಣ್ಣು ಬಿಡುವನು. ಡ್ರಾಮಾ ಮೇಷ್ಟ್ರು ಸ್ವರ ಹಿಡಿಯುವ ನೆಪದಲ್ಲಿ ಮುಂದಿನ ಸಾಲು ಎಸೆಯುವರು. ಅದನ್ನು ಹಿಡಿದುಕೊಂಡು ದುರ್ಯೋಧನ ಮತ್ತೆ ಚಕ್ರವರ್ತಿಯಾಗುವನು. ವೇದದಿಂದ ಮಗ್ಗಿಯವರೆಗೆ ಎಲ್ಲವೂ ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ ಬಂದದ್ದೇ. ನಾನು ಮೇಷ್ಟರಾದ ಮೇಲೆ ಟೀಚರ ತುಟಿಯನ್ನು ಮುಂದುವರಿಸಿದೆ; ಜೊತೆಗೆ ನನ್ನದೇ ಕೊಡುಗೆಯಾಗಿ ಹುಬ್ಬನ್ನೂ ಸೇರಿಸಿದೆ. ಮಗು ಸರಿಯಾದ ಕಡೆ ಹೊರಟರೆ ನನ್ನ ಹುಬ್ಬು ಮೇಲೇರುತ್ತದೆ, ದಾರಿ ತಪ್ಪಿದರೆ ಗಂಟಿಕ್ಕುತ್ತದೆ.

ಇಂಥವನು ಐವತ್ತರ ಹತ್ತಿರ ಬಂದ ಮೇಲೆ ವಿಶೇಷ ಅಗತ್ಯವುಳ್ಳ ಮಕ್ಕಳ ಮೌಲ್ಯಾಂಕನದ ತರಬೇತಿಗೆ ಸೇರಿಕೊಂಡೆ. ಸೇವಾಮನೋಭಾವ ಎಂದು ಅರ್ಜಿಯಲ್ಲಿ ಬರೆದಿದ್ದೆ. ತರಬೇತಿ ನಂಜನಗೂಡಿನಲ್ಲೇ, ಮನೆಗೆ ಊಟಕ್ಕೆ ಬರಬಹುದು ಎಂಬುದು ಅರ್ಜಿಯಲ್ಲಿರದ ಕಾರಣ. ಕಲಿಸಲು ಬಂದವರು ಶೈಲಜಾ ಮೇಡಂ, ನನಗಿಂತ ಬಹಳ ಕಿರಿಯರು, ಮೆಲುಮಾತಿನವರು. ಒಂದು ಮಗು ಏಕೆ ಕಲಿಯುತ್ತಿಲ್ಲ ಎಂದು ಕಂಡುಹಿಡಿಯುವುದು ನಮ್ಮ ಕೆಲಸ. ತೊಡಕು ಕಣ್ಣಿನದೋ ಕಿವಿಯದೋ ಬುದ್ಧಿಯದೋ ಎಂದು ತಿಳಿದರೆ ತಾನೇ ಸರಿಯಾದ ಸಹಾಯ ಸಿಗುವುದು? ಅದಕ್ಕೆ ಮೊದಲ ನಿಯಮ: ಪ್ರಶ್ನೆ ಕೇಳಬೇಕು, ಆಮೇಲೆ ಸುಮ್ಮನಿರಬೇಕು. ಸರಿ, ತಪ್ಪು, ಶಭಾಷ್, ಅಯ್ಯೋ, ಯಾವುದೂ ಬಾಯಲ್ಲಾಗಲಿ ಮುಖದಲ್ಲಾಗಲಿ ಬರಬಾರದು.

ಬಾಯನ್ನೇನೋ ಕಟ್ಟಿದೆ. ನಾವು ನಾವೇ ಒಬ್ಬರನ್ನೊಬ್ಬರು ಪರೀಕ್ಷಿಸುವ ಅಭ್ಯಾಸದಲ್ಲಿ ಮೇಡಂ ನನ್ನನ್ನು ನಿಲ್ಲಿಸಿ, ‘ಸಾರ್, ನಿಮ್ಮ ಬಾಯಿ ಸುಮ್ಮನಿದೆ, ಹುಬ್ಬು ಮಾತಾಡ್ತಿದೆ’ ಎಂದರು. ಹುಬ್ಬನ್ನು ಹಿಡಿದರೆ ತುಟಿ ಜಾರುತ್ತಿತ್ತು, ತುಟಿ ಬಿಗಿದರೆ ತಲೆ ತೂಗುತ್ತಿತ್ತು. ಮನೆಯಲ್ಲಿ ಕನ್ನಡಿಯ ಮುಂದೆ ಕುಳಿತು ಭಾವವಿಲ್ಲದ ಮುಖವನ್ನು ಅಭ್ಯಾಸ ಮಾಡಿದೆ. ಒಂದು ಸಂಜೆ ಅದೇ ಮುಖದಲ್ಲಿ ಅಡುಗೆಮನೆಗೆ ಹೋದೆ. ಹೆಂಡತಿ ಒಗ್ಗರಣೆ ಸೌಟು ಕೆಳಗಿಟ್ಟು, ‘ಏನ್ರೀ, ಯಾರು ಹೋಗ್ಬಿಟ್ರು?’ ಎಂದು ಗಾಬರಿಯಾದಳು. ಕೊನೆಗೆ ನಾನೊಂದು ಉಪಾಯ ಕಂಡುಕೊಂಡೆ. ಹಿಂದೆ ಪರೀಕ್ಷೆಗೆ ಒಯ್ಯುತ್ತಿದ್ದೆವಲ್ಲ, ಮೇಲೆ ಕ್ಲಿಪ್ಪಿರುವ ರಟ್ಟು, ಅದನ್ನು ಪ್ರಶ್ನೆ ಓದುವವನಂತೆ ಮೂಗಿನವರೆಗೆ ಎತ್ತಿ ಹಿಡಿಯುವುದು. ಹುಬ್ಬಿಗೆ ಕನ್ನಡಕದ ದಪ್ಪ ಫ್ರೇಮು ಕಾವಲು. ಮೇಡಂ ನಕ್ಕರೂ ಬೇಡವೆನ್ನಲಿಲ್ಲ.

ಕೊನೆಯ ಅಭ್ಯಾಸ ನರಸೀಪುರದ ಒಂದು ಶಾಲೆಯಲ್ಲಿ. ನನ್ನ ಪಾಲಿಗೆ ಬಂದವಳು ಸಿಂಚನಾ, ಮೂರನೆಯ ತರಗತಿ, ಮುಡುಕುತೊರೆ ಕಡೆಯ ಹಳ್ಳಿಯವಳು. ಎರಡು ಜಡೆ, ನೀಲಿ ರಿಬ್ಬನ್ನು, ದೊಡ್ಡ ಕಣ್ಣು. ಕೂಲಿ ಬಿಟ್ಟು ಜೊತೆಗೆ ಬಂದಿದ್ದ ತಾಯಿ ಜಯಮ್ಮ ಬಾಗಿಲಲ್ಲೇ ನಿಂತಿದ್ದಳು. ಕಲಿಕೆಯಲ್ಲಿ ತೀರ ಹಿಂದೆ, ಗಮನವಿಲ್ಲ, ಬುದ್ಧಿಮಾಂದ್ಯ ಇರಬಹುದು ಎಂದು ಮಗುವನ್ನು ಕಳಿಸಿದ್ದರು. ನಾವು ಹೌದೆಂದರೆ ಆ ಮಾತು ಪ್ರಮಾಣಪತ್ರಕ್ಕೆ ಹತ್ತಿ ಜೀವಮಾನವಿಡೀ ಅವಳ ಜೊತೆ ನಡೆಯುತ್ತದೆ. ಜಯಮ್ಮನಿಗೂ ಅದು ಗೊತ್ತಿತ್ತು.

‘ನಮ್ ಕೂಸು ಎಡ್ಡಿ ಅಲ್ಲ ಸಾ’ ಎಂದಳು. ‘ಅಟ್ಟೀಲಿ ಎಲ್ಲಾನೂ ಮಾಡ್ತದೆ. ಇಸ್ಕೂಲಲ್ಲಿ ಮಾತ್ರ ಮಂಕು ಬಡ್ದಂಗೆ ಕೂತಿರ್ತದಂತೆ.’

‘ಕಿವಿ, ಕಣ್ಣು ತೋರಿಸಿದ್ದೀರಾ?’ ಎಂದು ಮೇಡಂ ಕೇಳಿದರು.

‘ಇಸ್ಕೂಲಿಗೆ ಡಾಕುಟ್ರು ಬಂದಿದ್ರಲ್ಲ, ಅವ್ರು ನೋಡವ್ರೆ ಮೇಡಂ. ಮುಂದ್ಗಡೆ ಕೂರುಸ್ಕಂಡು ಎಸ್ರು ಕೇಳುದ್ರು, ಏಳ್ತು. ಚೆಂದಾಗದೆ ಅಂದ್ರು.’

ಮೇಡಂ ತಲೆಯಾಡಿಸಿ ಮೂಲೆಯ ಕುರ್ಚಿಯಲ್ಲಿ ಕುಳಿತರು. ಅಂದು ಪರೀಕ್ಷೆ ಮಗುವಿಗೆ ಮಾತ್ರವಲ್ಲ, ನನಗೂ ಇತ್ತು. ಮೊದಲ ಕೆಲವು ಪ್ರಶ್ನೆಗಳಿಗೆ ಹುಡುಗಿ ಚೆನ್ನಾಗಿಯೇ ಉತ್ತರಿಸಿದಳು. ಮಾತು ಸ್ವಲ್ಪ ತೊದಲು, ಆದರೆ ಉತ್ತರ ಸರಿ. ನನ್ನ ಮುಖದಿಂದ ಕಣ್ಣು ಕೀಳಲಿಲ್ಲ. ಇಷ್ಟು ಗಮನವಿಟ್ಟು ನನ್ನನ್ನು ನೋಡಿದ ವಿದ್ಯಾರ್ಥಿ ಇಡೀ ಸೇವಾವಧಿಯಲ್ಲಿ ಇರಲಿಲ್ಲವೆಂದು ಒಳಗೊಳಗೇ ಬೀಗಿದೆ. ಅಷ್ಟರಲ್ಲಿ ಮೂಲೆಯಿಂದ ಮೇಡಂ ಸಣ್ಣಗೆ ಕೆಮ್ಮಿದರು. ತುಟಿ ಮತ್ತೆ ಕೆಲಸ ಶುರುಮಾಡಿದೆಯೆಂದು ಅದರರ್ಥ. ಕೂಡಲೇ ರಟ್ಟು ಎತ್ತಿದೆ.

ಮುಂದಿನ ಪ್ರಶ್ನೆಗೆ ಹುಡುಗಿ ಸುಮ್ಮನಾದಳು. ಅದರ ಮುಂದಿನದಕ್ಕೂ ಮೌನ. ಕತ್ತು ವಾಲಿಸಿ ರಟ್ಟಿನ ಕೆಳಗಿನಿಂದ ನನ್ನನ್ನು ಇಣುಕಿ ನೋಡಿದಳು. ಬಾಗಿಲಲ್ಲಿ ಜಯಮ್ಮ ಸೆರಗಿನ ತುದಿಯನ್ನು ಹಿಂಡುತ್ತಿದ್ದಳು. ಅಂದರೆ ಈ ಮಗುವಿಗೆ ಏನೂ ಬರುವುದಿಲ್ಲ. ಇಲ್ಲಿಯವರೆಗೆ ಉತ್ತರ ಹೇಳಿದ್ದು ಅವಳಲ್ಲ, ನನ್ನ ತುಟಿ. ಇವಳ ಶಾಲೆಯಲ್ಲೂ ನನ್ನಂಥ ತುಟಿಗಳು ಇವಳನ್ನು ಮೂರನೆಯ ತರಗತಿಗೆ ತಂದು ಬಿಟ್ಟಿರಬೇಕು. ನನಗೆ ನನ್ನ ಮೇಲೆಯೇ ಸಿಟ್ಟು ಬಂತು.

ಮನಸ್ಸು ತಡೆಯದೆ ಪ್ರಶ್ನೆಪಟ್ಟಿಯಲ್ಲಿಲ್ಲದ ಒಂದು ಸುಲಭದ ಮಾತು ಕೇಳಿದೆ, ರಟ್ಟಿನ ಹಿಂದಿನಿಂದಲೇ. ‘ನಿಮ್ಮನೇಲಿ ಹಸು ಇದೆಯಾ? ಅದರ ಹೆಸರೇನು?’ ಉತ್ತರವಿಲ್ಲ. ಸೋತು ರಟ್ಟು ಕೆಳಗಿಟ್ಟೆ. ಅದೇ ಪ್ರಶ್ನೆಯನ್ನು ಅದೇ ದನಿಯಲ್ಲಿ ಮತ್ತೆ ಕೇಳಿದೆ.

‘ಕೆಂಪಿ’ ಎಂದಳು ಸಿಂಚನಾ. ಹಸುವನ್ನೇ ಕಂಡಷ್ಟು ಖುಷಿಯಿಂದ, ‘ಆಯ್ತದೆ’ ಎಂದು ಸೇರಿಸಿ, ಕೊಂಬಿನಂತೆ ಎರಡು ಬೆರಳೆತ್ತಿ ಅದು ಹಾಯುವುದನ್ನು ತೋರಿಸಿದಳು.

ನಾನು ದಂಗಾಗಿ ಕುಳಿತೆ. ಕೆಂಪಿಯ ಹೆಸರು ನನಗೇ ಗೊತ್ತಿರಲಿಲ್ಲ. ಗೊತ್ತಿಲ್ಲದ ಉತ್ತರವನ್ನು ನನ್ನ ತುಟಿಯಾದರೂ ಹೇಗೆ ಹೇಳಿಕೊಟ್ಟೀತು? ಈ ಮಗು ನನ್ನ ತುಟಿಯಲ್ಲಿ ಹುಡುಕುತ್ತಿದ್ದದ್ದು ಉತ್ತರವನ್ನಲ್ಲ, ಪ್ರಶ್ನೆಯನ್ನು. ಮೇಡಂ ಆಗಲೇ ಎದ್ದಿದ್ದರು. ಸದ್ದಿಲ್ಲದೆ ಅವಳ ಬೆನ್ನ ಹಿಂದೆ ಹೋಗಿ ನಿಂತು, ‘ಸಿಂಚನಾ’ ಎಂದರು. ಇನ್ನೊಮ್ಮೆ, ಸ್ವಲ್ಪ ಗಟ್ಟಿಯಾಗಿ, ‘ಸಿಂಚನಾ’ ಎಂದರು. ಹುಡುಗಿ ನನ್ನನ್ನೇ ನೋಡುತ್ತ ನಗುತ್ತಿದ್ದಳು. ತಿರುಗಿ ನೋಡಿದವಳು ಬಾಗಿಲಲ್ಲಿದ್ದ ಜಯಮ್ಮ.

ಮೇಡಂ ಜಯಮ್ಮನನ್ನು ಕೂರಿಸಿ ವಿವರಿಸಿದರು. ಮಗುವಿಗೆ ಕಿವಿ ಬಹಳ ಕಡಿಮೆ ಕೇಳಿಸುತ್ತದೆ, ಮುಖ ನೋಡಿಯೇ ಮಾತು ತಿಳಿದುಕೊಳ್ಳುತ್ತಿದ್ದಾಳೆ, ಮೈಸೂರಿನಲ್ಲಿ ಸರಿಯಾಗಿ ಪರೀಕ್ಷೆ ಮಾಡಿಸಿ ಯಂತ್ರ ಹಾಕಿಸೋಣ. ಶಾಲೆಯಲ್ಲಿ ಮಂಕಾಗಿ ಕೂರುತ್ತಿದ್ದುದೇಕೆಂದು ನನಗೆ ಯಾರೂ ವಿವರಿಸಬೇಕಾಗಲಿಲ್ಲ. ನಾವು ಮೇಷ್ಟರುಗಳು ಪಾಠದ ಅರ್ಧವನ್ನು ಬೋರ್ಡಿಗೇ ಹೇಳುತ್ತೇವೆ. ನಮ್ಮ ಬೆನ್ನಿಗೆ ತುಟಿಯಿಲ್ಲ.

ಜಯಮ್ಮ ಮಗಳನ್ನು ಹತ್ತಿರ ಎಳೆದುಕೊಂಡಳು. ಆಮೇಲೆ, ‘ಇಂದ್ಗಡೆಯಿಂದ ಕೂಗುದ್ರೆ ಬತ್ತಿರ್ನಿಲ್ಲ ಸಾ. ತಿಮುರು ಅಂದ್ಕಂಡು ಒಡ್ದುಬುಟ್ಟಿವ್ನಿ’ ಎಂದು ಅತ್ತಳು. ಕಣ್ಣೊರೆಸಿಕೊಂಡು ನನ್ನ ಮುಖ ನೋಡಿ, ‘ಅಂಗಾರೆ ಎಡ್ಡಿ ಅಲ್ವಲ್ಲ?’ ಎಂದಳು.

‘ಅಲ್ಲ ಕಣವ್ವ, ಖಂಡಿತ ಅಲ್ಲ’ ಎಂದೆ, ತುಟಿ, ಹುಬ್ಬು, ತಲೆ ಎಲ್ಲವನ್ನೂ ಒಟ್ಟಿಗೆ ಆಡಿಸಿ. ಮೇಡಂ ಕೆಮ್ಮಲಿಲ್ಲ.

ನನ್ನನ್ನು ಪಾಸು ಮಾಡಿದರು, ರಟ್ಟಿನ ಉಪಾಯವನ್ನು ಹೊಗಳಿದರು. ಆದರೂ ಹೊಗಳಿಕೆಗೆ ಮೋಸ ಹೋಗಬೇಡಿ. ಚಟ ಮುಚ್ಚಲು ಹಿಡಿದ ರಟ್ಟು ಅದು, ಬುದ್ಧಿವಂತಿಕೆಯಲ್ಲ. ತುಟಿ ಕಾಣದಂತೆ ಮರೆಮಾಡಿ ಪ್ರಶ್ನೆ ಕೇಳಿ ಕಿವಿ ಪರೀಕ್ಷಿಸುವುದು ಈ ವಿದ್ಯೆಯಲ್ಲಿ ಇರುವ ಕ್ರಮವೇ ಎಂದು ಮೇಡಂ ಆಮೇಲೆ ಹೇಳಿದರು. ಮುಂದಿನ ಹಂತದ ತರಬೇತಿಯ ಪಾಠವಂತೆ.

ಮೊನ್ನೆ ತಲಕಾಡಿನ ಬಸ್ಸು ಹತ್ತಿದ್ದೆನೆಂದೆನಲ್ಲ, ಅದು ಸಿಂಚನಾಳ ಶಾಲೆಗೆ ಹೋಗಲು. ಈಗ ಅವಳ ಎರಡು ಕಿವಿಯ ಹಿಂದೆಯೂ ಪುಟ್ಟ ಯಂತ್ರಗಳಿವೆ, ಮುಂದಿನ ಸಾಲಿನಲ್ಲಿ ಜಾಗವಿದೆ. ಹಿಂದಿನಿಂದ ಕರೆದರೆ ತಿರುಗುತ್ತಾಳೆ, ಕೆಲವೊಮ್ಮೆ ಬೇಕೆಂದೇ ತಿರುಗುವುದಿಲ್ಲವಂತೆ. ಅವಳ ಟೀಚರದು ಒಂದೇ ದೂರು: ‘ಇವಳಿಂದ ಅರ್ಧ ಕ್ಲಾಸು ಸದ್ದಿಲ್ಲದೆ ಮಾತಾಡೋದು ಕಲಿತುಬಿಟ್ಟಿದೆ ಸಾರ್. ಹಿಡಿಯೋದು ಹೇಗೆ?’

ಬಂದವನು ಸುಮ್ಮನೆ ಹೋಗಬಾರದೆಂದು ಅವಳ ಗೆಳತಿಯೊಬ್ಬಳನ್ನು ಮುಂದೆ ಕರೆದು ಕೇಳಿದೆ: ‘ನಿಮ್ಮೂರ ಹತ್ತಿರ ಹರಿಯುವ ನದಿ ಯಾವುದು?’ ದಿನವೂ ಅದನ್ನು ನೋಡಿಕೊಂಡೇ ಶಾಲೆಗೆ ಬರುವ ಹುಡುಗಿಗೆ ಹೆಸರು ಮರೆತುಹೋಯಿತು. ಕಿರುಬೆರಳಿಗೆ ಲಂಗದ ಅಂಚು ಸುತ್ತತೊಡಗಿದಳು. ನನ್ನ ನಾಲಿಗೆ ತುರಿಸಿತು. ಹಲ್ಲು ಕಚ್ಚಿ ಹಿಡಿದೆ. ಅಷ್ಟರಲ್ಲಿ ಮುಂದಿನ ಸಾಲಿನಲ್ಲಿ ಏನೋ ಅಲುಗಿದಂತಾಯಿತು. ಸಿಂಚನಾ, ಕಣ್ಣನ್ನು ಇನ್ನಷ್ಟು ದೊಡ್ಡದು ಮಾಡಿಕೊಂಡು, ಗೆಳತಿಗೆ ತುಟಿಯಲ್ಲಿ ಒಂದೊಂದೇ ಅಕ್ಷರ ಕೊಡುತ್ತಿದ್ದಳು.

ನಾನು ಮೆಲ್ಲಗೆ ಕಿಟಕಿಯತ್ತ ತಿರುಗಿ ನಿಂತೆ. ಹೊರಗೆ ನೋಡುವಂಥದ್ದೇನೂ ಇರಲಿಲ್ಲ. ಅಂದು ಕಪಿಲೆಯಲ್ಲೂ ನಮ್ಮ ಇನ್ಸ್‌ಪೆಕ್ಟರಿಗೆ ನೋಡುವಂಥದ್ದೇನೂ ಇದ್ದಿರಲಾರದು.