ತೊಟ್ಟಿಲು ಹಿಡಿಸದ ಪೆನ್‌ಡ್ರೈವ್

ಮೊಮ್ಮಗಳಿಗೆ ಹೆಸರಿಟ್ಟೆವು! ನನ್ನ ಅಕ್ಕನ ಹೆಸರು! ಬರೆಯುವಾಗಲೂ ಅರ್ಧ ಸಂತೋಷ, ಅರ್ಧ ಸಿಟ್ಟು. ಸಿಟ್ಟು ಸವಳಂಗ ರಸ್ತೆಯ ವಿಡಿಯೋ ಅಂಗಡಿಯವನ ಮೇಲೆ.

ಅಕ್ಕ ಭದ್ರಾವತಿಯಲ್ಲಿ ಕಾಲು ಮುರಿದುಕೊಂಡು ಮಲಗಿದ್ದಳು, ನಾಮಕರಣಕ್ಕೆ ಬರಲಾಗಲಿಲ್ಲ. ಯಾವ ಹೆಸರೆಂದು ಫೋನಿನಲ್ಲಿ ಯಾರೂ ಬಾಯಿಬಿಡಕೂಡದು ಎಂದು ನಾನೇ ಕಟ್ಟಪ್ಪಣೆ ಮಾಡಿದ್ದೆ. ಸೋದರತ್ತೆ, ಅಂದರೆ ನನ್ನ ಮಗಳು, ತೊಟ್ಟಿಲಿಗೆ ಬಗ್ಗಿ ಮಗುವಿನ ಕಿವಿಯಲ್ಲಿ ಹೆಸರು ಹೇಳುವುದನ್ನು ಅಕ್ಕ ಟೀವಿಯಲ್ಲೇ ನೋಡಬೇಕು. ಅಂಗಡಿಯವನು ತೆಗೆದಿದ್ದ ವಿಡಿಯೋ ತುಂಬಿಸಿಕೊಳ್ಳಲು ನನ್ನ ಭಜನೆಯ ಪೆನ್‌ಡ್ರೈವನ್ನು ಸೆರಗಿಗೆ ಗಂಟು ಹಾಕಿಕೊಂಡು ಹೋದೆ.

"ಹಿಡಿಸ್ತಿಲ್ಲ ಅಜ್ಜಿ. ಖಾಲಿ ಮಾಡ್ಕೊಂಡು ಬನ್ನಿ," ಎಂದ.

ನಮ್ಮ ಭಜನಾ ಮಂಡಳಿಯವರು ವರ್ಷಗಟ್ಟಲೆ ಹಾಡಿದ್ದನ್ನೆಲ್ಲ ಮನೆಯ ಕಂಪ್ಯೂಟರಿನಲ್ಲಿ ಒಂದೊಂದಾಗಿ ಅಳಿಸಿದೆ. ಉಪ್ಪಿನಕಾಯಿ ಜಾಡಿ ತೊಳೆದ ಹಾಗೆ ತೊಳೆದುಕೊಂಡು ಹೋದರೂ ಹಿಡಿಸಲಿಲ್ಲ.

"ಸತ್ತೋಗಿದೆ ಅಜ್ಜಿ ಇದು. ವಿಡಿಯೋನೇ ತುಂಡು ಮಾಡಿ ಕೊಡ್ಲಾ?"

"ತುಂಡು ಮಾಡೋಕೆ ಅದೇನು ಹಲಸಿನ ಹಣ್ಣೇನಯ್ಯಾ? ಸತ್ತಿದ್ರೆ ನನ್ನ ಹಾಡು ಯಾಕೆ ಅಳಿಸೋಕೆ ಹೇಳ್ದೆ?"

ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ನೋಡಲಿ!

ಮನೆಯಲ್ಲಿ ಮಗಳು ಅದನ್ನು ಕಂಪ್ಯೂಟರಿಗೆ ಸಿಕ್ಕಿಸಿ ನೋಡಿ ನಕ್ಕುಬಿಟ್ಟಳು. "ಅಮ್ಮಾ, ಇದು ಸತ್ತೂ ಇಲ್ಲ, ಜಾಗಾನೂ ಬೇಕಾದಷ್ಟಿದೆ. ಹಳೇ ಫಾರ್ಮ್ಯಾಟು ಅಷ್ಟೆ. ಒಂದೇ ಫೈಲು ನಾಲ್ಕು ಜಿಬಿ ಮೀರಿದ್ರೆ ತಗೊಳ್ಳಲ್ಲ. ಎಕ್ಸ್‌ಫ್ಯಾಟ್ ಅಂತ ಆರಿಸಿ ಫಾರ್ಮ್ಯಾಟ್ ಮಾಡಿದ್ರೆ ಮುಗೀತು. ಆದ್ರೆ ಒಳಗಿರೋದೆಲ್ಲ ಹೋಗತ್ತೆ."

"ಹೋಗೋಕೆ ಇನ್ನೇನು ಉಳಿದಿದೆ ಮಾರಾಯ್ತಿ!"

ಹಾಡುಗಳನ್ನು ಮೊದಲು ಕಂಪ್ಯೂಟರಿನಲ್ಲಿ ಇಟ್ಟುಕೊಂಡು ಆಮೇಲೆ ವಾಪಸ್ ತುಂಬಬಹುದಿತ್ತಂತೆ. ಅದನ್ನು ಕೇಳಿ ನನ್ನ ಸಿಟ್ಟು ನೆತ್ತಿಗೇರಿತು. ಫಾರ್ಮ್ಯಾಟ್ ಮುಗಿದದ್ದೇ ಮಗಳನ್ನು ಎಳೆದುಕೊಂಡು ಅದೇ ಅಂಗಡಿಗೆ ಹೋದೆ. ಈ ಸಲ ಇಡೀ ವಿಡಿಯೋ ಒಂದೇ ಏಟಿಗೆ ಇಳಿಯಿತು.

"ಜನರ ಹಾಡು ಅಳಿಸೋ ಮೊದ್ಲು ನಿನ್ನ ಕೆಲ್ಸ ಕಲ್ತ್ಕೋ," ಎಂದು ಬಂದೆ.

ಬಸ್ಸು ಮಲವಗೊಪ್ಪ ದಾಟುವವರೆಗೂ ಬೈಯುತ್ತಲೇ ಇದ್ದೆ. ಭದ್ರಾವತಿಯಲ್ಲಿ ಟೀವಿಗೆ ಪೆನ್‌ಡ್ರೈವ್ ಸಿಕ್ಕಿಸಿದೆವು. ಪರದೆಯ ಮೇಲೆ ಮಗಳು ತೊಟ್ಟಿಲಿಗೆ ಬಗ್ಗಿದಳು, ಕಿವಿಯಲ್ಲಿ ಹೇಳಿದಳು, ಆಮೇಲೆ ಎಲ್ಲರಿಗೂ ಕೇಳುವಂತೆ ಕೂಗಿದಳು.

"ನನ್ ಹೆಸ್ರಾ? ನಂದೇನಾ?" ಅಕ್ಕ ಅದನ್ನೇ ಇನ್ನೊಮ್ಮೆ ಹಾಕಿಸಿದಳು. ಮತ್ತೂ ಒಮ್ಮೆ.

ಸಂಜೆ ಅವಳ ಮಂಚದ ಸುತ್ತ ಮನೆಮಂದಿಯೆಲ್ಲ ತಟ್ಟೆ ಹಿಡಿದು ಕೂತೆವು. ನಾನು ಮತ್ತೆ ಹಾಡಿನ ವಿಷಯ ತೆಗೆದೆ.

"ಇನ್ನೊಂದ್ಸಲ ಹಾಡಿದ್ರಾಯ್ತು ಕಣೇ. ಮೊದ್ಲು ಹೋಳಿಗೆ ತಿನ್ನು," ಎಂದು ಅಕ್ಕ ನನ್ನ ತಟ್ಟೆಗೆ ತುಪ್ಪ ಸುರಿದಳು.