ಬೆಲ್ಲದ ಗಾಡಿಯಲ್ಲಿ ಅಕ್ಕ

ಮೊನ್ನೆ ಘಟಪ್ರಭಾದ ರೈಲ್ವೆ ಗೇಟು ದಾಟುವಾಗ ಅಕ್ಕನ ಕಪ್ಪಿನ ಚಹಾ ತುಳುಕಲಿಲ್ಲ. ಕಾರು ಅವಳ ಮಗನದು, ಹೊಸದು. ಹಿಂದಿನ ಸೀಟಿನಲ್ಲಿ ಅವಳ ಬಾಜೂ ಕೂತ ನಾನು ಪಂಡಿತನಾದೆ: "ಈಗ ಗಾಲಿಗೊಂದು ಸ್ಪ್ರಿಂಗ್ ಇರ್ತೈತಿ. ಅದು ಕುಣದ್ರ ಶಾಕಬ್ಸರಿನ ಎಣ್ಣಿ ತಡೀತೈತಿ." ಅಕ್ಕ ಚಹಾ ಕುಡಿದಳು. ನನಗೆ ಕಾಕಾನ ಹಳೇ ಮೋಟಾರು ಗಾಡಿ ನೆನಪಾಯಿತು.

ನನ್ನ ನೆನಪನ್ನು ನೀವು ಪೂರ್ತಿ ನಂಬಬೇಡಿ. ಆ ಗಾಡಿ ನೀಲಿ ಎಂದು ನಾನು, ಹಸಿರು ಎಂದು ಅಕ್ಕ. ಸ್ವಾತಂತ್ರ್ಯ ಬಂದು ಕೆಲವು ವರ್ಷಗಳಾಗಿದ್ದವು. ಕಾಕಾ ಮೂಡಲಗಿಯಿಂದ ಬೆಲ್ಲ ಸಾಗಿಸುತ್ತಿದ್ದ. ಭಾರಕ್ಕೆ ಹಿಂಭಾಗ ಕುಸಿಯದಿರಲೆಂದು ಪಾಟಾಗಳಿಗೆ, ಅಂದರೆ ಅಚ್ಚಿನ ಮೇಲಿನ ಕಮಾನಿನಂಥ ಉಕ್ಕಿನ ಪಟ್ಟಿಗಳಿಗೆ, ಇನ್ನಷ್ಟು ಪಟ್ಟಿ ಕೂಡಿಸಿದ್ದ. "ಆನಿ ಕುಂತರೂ ಬಗ್ಗಂಗಿಲ್ಲ" ಎಂದು ಮೀಸೆ ತಿರುವುತ್ತಿದ್ದ.

ತುಂಬು ಬಸುರಿ ಅಕ್ಕನನ್ನು ಹುಕ್ಕೇರಿಯಿಂದ ಗೋಕಾಕದ ತವರಿಗೆ ಕರೆತರಲು ಅವ್ವ, ಕಾಕಾನ ಜೊತೆ ಪುಟ್ಟ ಹುಡುಗ ನಾನೂ ಹೋಗಿದ್ದೆ. ಹಿಂದಿನ ಸಲ ಚಕ್ಕಡಿಯ ದಾರಿಯಲ್ಲೇ ಕೂಸು ಕಳೆದುಕೊಂಡಿದ್ದಳು. ಅದಕ್ಕೇ ಈ ಸಲ ಮೋಟಾರು. ಅವ್ವ ಬೆಲ್ಲವನ್ನೆಲ್ಲ ಇಳಿಸಿದಳು. ಹತ್ತಿ ಕೂತಿದ್ದ ನೆಂಟರನ್ನೂ ಇಳಿಸಿದಳು. ಮಗಳು ಆರಾಮ ಕೂಡಲಿ!

ಹಗುರಾದ ಗಾಡಿ ಹುಚ್ಚು ಹೋರಿಯಾಯಿತು. ಬಗ್ಗದ ಪಟ್ಟಿಗಳು ದಾರಿಯ ತಗ್ಗುಗಳನ್ನೆಲ್ಲ ನೇರ ನಮ್ಮ ಬೆನ್ನಿಗೆ ತಲುಪಿಸಿದವು.

"ಕಾಕಾ, ನಿಲ್ಲಸ್ರಿ. ನಾ ನಡಕೊಂತ ಬರ್ತೇನಿ" ಎಂದಳು ಅಕ್ಕ, ಹೊಟ್ಟೆ ಹಿಡಿದು.

"ನಿನ್ನ ಸಲುವಾಗಿ ಖಾಲಿ ಮಾಡಿಸೇನಿ, ಸುಮ್ಮ ಕುಂದ್ರ!" ಅವ್ವ ಅವಳ ತೋಳು ಹಿಡಿದು ಕೂಡಿಸಿದಳು.

ಕೊನೆಗೆ ಕಾಕಾ ಗಾಡಿ ನಿಲ್ಲಿಸಿದ. ಅಲ್ಲಿ ಕುರಿಗಾರ ಹೆಂಗಸರು ಕಂಬಳಿ ಗಂಟು ಹೊತ್ತು ಘಟಪ್ರಭಾದ ಸಂತೆಗೆ ನಡೆದಿದ್ದರು. ಅಕ್ಕನೇ ಕರೆದಳು: "ಬರ್ರಿ ಯಕ್ಕಾ, ಹತ್ರಿ. ನನಗ ಅಂಜಿಕಿ ಬರಾಕತ್ತೈತಿ." ಗಂಟುಗಳ ಸಮೇತ ಅವರು ಹತ್ತಿದ ಮೇಲೆ ಪಾಟಾಗಳು ಅಂತೂ ಬಗ್ಗಿದವು, ಗಾಡಿ ನೀರು ಕುಡಿದ ಎಮ್ಮೆಯಂತೆ ನಡೆಯಿತು. ಘಟಪ್ರಭಾದಲ್ಲಿ ಅವರು ಎದ್ದರೆ, ನೆಂಟರನ್ನು ಇಳಿಸಿದ್ದ ಅವ್ವನೇ ಸೆರಗು ಹಿಡಿದಳು.

"ಇಳೀಬ್ಯಾಡ್ರಿ ನನ್ನವ್ವ! ಗೋಕಾಕದಾಗ ಉಂಡು ಹೋಗ್ರಿ!"

"ನಮ್ಮ ಕಂಬಳಿ ನೀ ಕೊಳ್ತಿಯೇನ?"

"ಎಲ್ಲಾ ಕೊಳ್ತೇನಿ, ಕುಂದ್ರ!"

ಆ ಚಳಿಗಾಲ ನಮ್ಮ ಮನೆಯಲ್ಲಿ ಬೆಕ್ಕಿಗೂ ಕಂಬಳಿ ಇತ್ತು. ಅಕ್ಕನಿಗೆ ಗಂಡು ಹುಟ್ಟಿತು. ಈಗ ಕಾರು ಓಡಿಸುತ್ತಿರುವವನು ಅವನೇ.

"ಭಾರ ಬಿತ್ತು, ಪಾಟಾ ಬಗ್ಗಿದ್ವು, ನೀ ಉಳಕೊಂಡಿ" ಎಂದು ಅಕ್ಕನಿಗೆ ವಿವರಿಸಿದೆ.

"ನಿನ್ನ ಪಾಟಾ ಸುಡ್ಲಿ! ಆ ಕಂಬಳಿಯವರಾಗ ಒಬ್ಬಾಕಿ ದಾರಿ ಉದ್ದಕ್ಕೂ ನನ್ನ ಬೆನ್ನಿಗೆ ಕೈ ಕೊಟ್ಟು ಕುಂತಿದ್ಲು. ನೀ ಮುಂದಿನ ಸೀಟಿನ್ಯಾಗ ಮಲಗಿದ್ದಿ, ನಿನಗೇನ ಗೊತ್ತು?"

ಮಲಗಿದ್ದೆನೇ? ಹಾಗಾದರೆ ಇಷ್ಟೆಲ್ಲ ಕಂಡವರು ಯಾರು?

ಎದುರಿಗೆ ರಸ್ತೆಯುಬ್ಬು ಬಂತು. ಕಾರು ಅದನ್ನು ನುಂಗಿಬಿಡುತ್ತದೆಂದು ಗೊತ್ತಿದ್ದೂ ಅಕ್ಕನ ಬೆನ್ನ ಹಿಂದೆ ಕೈ ಚಾಚಿದೆ. ಅವಳು ಒಮ್ಮೆ ನೋಡಿ, ಕೈಗೆ ಒರಗಿದಳು. ಗೋಕಾಕ ಬರುವಷ್ಟರಲ್ಲಿ ಕೈ ಜೋಮು ಹಿಡಿದಿತ್ತು.